ಸುಂಟರಗಾಳಿ ಬರುವಾಗ ಕಿಟಕಿ ತೆರೆದಿಟ್ಟರೆ ಮನೆ ಉಳಿಯುತ್ತದಾ?

ಓದುಗರ ಪ್ರಶ್ನೆ: ಟಾರ್ನೆಡೊ ಹತ್ತಿರ ಬಂದಾಗ ಮನೆಯ ಕಿಟಕಿಗಳನ್ನು ತೆರೆದಿಡಬೇಕು, ಇಲ್ಲದಿದ್ದರೆ ಒಳಗಿನ ಗಾಳಿಯ ಒತ್ತಡಕ್ಕೆ ಮನೆ ಬಲೂನಿನ ಹಾಗೆ ಒಡೆದುಹೋಗುತ್ತದೆ ಅಂತ ಕೇಳಿದ್ದೇನೆ. ಇದು ನಿಜಾನಾ? ತೆರೆಯುವುದಾದರೆ ಯಾವ ಕಡೆಯ ಕಿಟಕಿ?

ತೆರೆಯಬೇಡಿ. ಯಾವ ಕಡೆಯದ್ದೂ ಬೇಡ. ಆ ಹೊತ್ತಿನಲ್ಲಿ ಕಿಟಕಿಯ ಹತ್ತಿರ ಹೋಗುವುದೇ ಬೇಡ. ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಇದು ಮೊದಲು ಮನಸ್ಸಿನಲ್ಲಿ ಕೂರಲಿ. ಯಾಕಂದ್ರೆ ಎಚ್ಚರಿಕೆ ಬಂದಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ, ಅದನ್ನು ಮನೆ ತುಂಬ ಓಡಾಡಿ ಕಿಟಕಿ ತೆಗೆಯುತ್ತಾ ಕಳೆದರೆ ಅಡಗಿಕೊಳ್ಳುವುದಕ್ಕೆ ಹೊತ್ತೇ ಇರುವುದಿಲ್ಲ.

ಹಾಗಂತ ಈ ನಂಬಿಕೆ ಸುಮ್ನೆ ಹುಟ್ಟಿದ್ದೂ ಅಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ತಿಳಿದವರೇ ಹೀಗೆ ಹೇಳಿಕೊಡುತ್ತಿದ್ದರು. ಸುಂಟರಗಾಳಿ ಹಾದುಹೋದ ಊರಲ್ಲಿ ಎಷ್ಟೋ ಮನೆಗಳ ಗೋಡೆಗಳು ಹೊರಗಡೆಗೆ ಬಿದ್ದಿರುತ್ತಿದ್ದವು, ಸೂರು ಇನ್ನೆಲ್ಲೋ ಇರುತ್ತಿತ್ತು, ಒಳಗೆ ಬಾಂಬ್ ಸಿಡಿದ ಹಾಗೆ ಕಾಣುತ್ತಿತ್ತು. ಸುಳಿಯ ನಡುವೆ ಗಾಳಿಯ ಒತ್ತಡ ಕಡಿಮೆ ಅನ್ನುವುದು ಮೊದಲೇ ಗೊತ್ತಿತ್ತು. ಎರಡನ್ನೂ ಜೋಡಿಸಿದರೆ ಬಲೂನಿನ ಕಥೆ ತಾನಾಗಿಯೇ ಹುಟ್ಟುತ್ತದೆ ಅಲ್ವಾ?

ಒತ್ತಡ ಇಳಿಯುವುದಂತೂ ನಿಜ. 2003ರ ಜೂನ್ 24ರಂದು ಸೌತ್ ಡಕೋಟಾದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಹತ್ತಿರ ಟಿಮ್ ಸಮಾರಾಸ್ ಅನ್ನುವ ಎಂಜಿನಿಯರ್ ತಾವೇ ರೂಪಿಸಿದ ಅಳತೆಯ ಉಪಕರಣವನ್ನು ಸುಂಟರಗಾಳಿಯ ದಾರಿಯಲ್ಲಿಟ್ಟು ಪಕ್ಕಕ್ಕೆ ಸರಿದರು. ಸುಳಿ ಅದರ ಮೇಲೆಯೇ ಹಾದುಹೋಯಿತು. ಒತ್ತಡ 100 ಮಿಲಿಬಾರ್ ಇಳಿದದ್ದು ಅದರಲ್ಲಿ ದಾಖಲಾಯಿತು. ಸಮುದ್ರಮಟ್ಟದಲ್ಲಿ ಮಾಮೂಲಾಗಿ ಇರುವುದೇ 1000 ಮಿಲಿಬಾರ್ ಆಸುಪಾಸು. ಹಾಗಾಗಿ ಇದು ಸಣ್ಣ ಇಳಿತ ಅಲ್ಲವೇ ಅಲ್ಲ. ಗಾಳಿಯಾಡದ ಹಾಗೆ ಬಿಗಿಯಾಗಿ ಮುಚ್ಚಿದ ಡಬ್ಬಿಯ ಗೋಡೆಗೆ ಇದು ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ ಒಳಗಿನಿಂದ ತಳ್ಳಿದ ಹಾಗೆ. (ಇದೇ ಸಮಾರಾಸ್ 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೋ ಸುಂಟರಗಾಳಿಗೆ ಸಿಕ್ಕಿ ತೀರಿಕೊಂಡರು, ಜೊತೆಗಿದ್ದ ಮಗ ಮತ್ತು ಸಹೋದ್ಯೋಗಿಯೂ ಉಳಿಯಲಿಲ್ಲ. ಆ ಸುಳಿಯ ಅಗಲ ನಾಲ್ಕು ಕಿಲೋಮೀಟರಿಗೂ ಜಾಸ್ತಿ ಇತ್ತು. ಸುಂಟರಗಾಳಿಯನ್ನು ಅಷ್ಟು ಚೆನ್ನಾಗಿ ಬಲ್ಲವರಿಗೇ ಹೀಗಾಯಿತು ಅನ್ನುವುದನ್ನು ನೆನೆದರೆ ಇವತ್ತಿಗೂ ಮನಸ್ಸು ಭಾರವಾಗುತ್ತದೆ.)

ಆದರೆ ಮನೆ ಅಂದರೆ ಬಿಗಿಯಾಗಿ ಮುಚ್ಚಿದ ಡಬ್ಬಿ ಅಲ್ಲ. ಬಾಗಿಲ ಸಂದಿ, ಕಿಟಕಿಯ ಅಂಚು, ಗವಾಕ್ಷಿ, ಸೂರು ಗೋಡೆಗೆ ಸೇರುವ ಜಾಗ, ಹೀಗೆ ಎಲ್ಲಾ ಕಡೆಯಿಂದ ಗಾಳಿ ಸೋರುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒತ್ತಡ ತೀರಾ ಕೆಳಗಿಳಿಯುವುದು ಸುಳಿಯ ನಟ್ಟನಡುವೆ. ಆ ನಡುಭಾಗ ಮನೆಯ ಮೇಲೆ ಬರುವ ಮೊದಲೇ ಅದರ ಸುತ್ತ ತಿರುಗುವ ಗಾಳಿ ಬಂದು ಬಡಿದಿರುತ್ತದೆ. ಅಷ್ಟರಲ್ಲಿ ಗಾಜುಗಳು ಒಡೆದಾಗಿರುತ್ತವೆ. ನೀವು ತೆರೆಯಬೇಕು ಅಂದುಕೊಂಡ ಕಿಟಕಿಯನ್ನು ಗಾಳಿಯೇ ತೆರೆದಿರುತ್ತದೆ!

ಮನೆ ಹೇಗೆ ಬೀಳುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಾಳಿಗೆ ಎದುರಾದ ಗೋಡೆಯಲ್ಲಿ ಒಂದು ಕಿಟಕಿಯೋ ಗ್ಯಾರೇಜಿನ ಅಗಲ ಬಾಗಿಲೋ ಮೊದಲು ಸೋಲುತ್ತದೆ. ಅಲ್ಲಿಂದ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಸಾಲದು, ಹಾಗಾಗಿ ಅದು ಸೂರನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ, ಅದೇ ಹೊತ್ತಿಗೆ ಸೂರಿನ ಮೇಲೆ ಜೋರಾಗಿ ಹರಿಯುವ ಗಾಳಿ ಅದನ್ನು ಮೇಲಿನಿಂದ ಎಳೆಯುತ್ತದೆ. ಮಾಮೂಲಿ ಸೂರನ್ನು ಕಟ್ಟಿರುವುದು ಮುಖ್ಯವಾಗಿ ಕೆಳಕ್ಕೆ ಬೀಳುವ ಭಾರ ತಡೆಯಲು. ಮೇಲಕ್ಕೆ ಕಿತ್ತರೆ ಹಿಡಿದುಕೊಳ್ಳಲು ಎಷ್ಟೋ ಮನೆಗಳಲ್ಲಿ ಕೆಲವು ಮೊಳೆ ಬಿಟ್ಟರೆ ಏನೂ ಇರುವುದಿಲ್ಲ. ಸೂರು ಹೋದಮೇಲೆ ಗೋಡೆಗಳಿಗೆ ತಲೆಯ ಕಡೆ ಆಸರೆ ಇಲ್ಲ. ಒಳಗಿನ ಗಾಳಿ ತಳ್ಳಿದ ಕಡೆಗೆ, ಅಂದರೆ ಹೊರಕ್ಕೆ, ಬೀಳುತ್ತವೆ. ಆ ಬಾಂಬ್ ಸಿಡಿದಂಥ ನೋಟದ ಗುಟ್ಟು ಇಷ್ಟೇ.

1970ರ ಮೇ 11ರಂದು ಟೆಕ್ಸಸ್‌ನ ಲಬಕ್ ಊರಿಗೆ ಸುಂಟರಗಾಳಿ ಬಡಿದು 26 ಜನ ಸತ್ತರು. ಅದೇ ಊರಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳು, ಅವರಲ್ಲಿ ಕಿಶೋರ್ ಮೆಹ್ತಾ ಕೂಡ ಒಬ್ಬರು, ಹಾಳಾದ ಕಟ್ಟಡಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಲ್ಲಿಂದ ಮುಂದೆ ನಡೆದ ಅಧ್ಯಯನಗಳು ಹೇಳಿದ್ದು ಒಂದೇ ಮಾತು: ಮನೆ ಬೀಳಿಸುವುದು ಗಾಳಿಯ ಬಡಿತ ಮತ್ತು ಗಾಳಿ ಎತ್ತಿ ಎಸೆಯುವ ವಸ್ತುಗಳು. ಕಿಟಕಿ ತೆರೆದಿಡುವುದು ಅಂದರೆ ಆ ಗಾಳಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಗಾಳಿಯ ಬಲದ ಬಗ್ಗೆ ಒಂದು ಲೆಕ್ಕ ಗೊತ್ತಿರಲಿ. ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಸುಂಟರಗಾಳಿಯ ಬಲ ಅಳೆಯಲು ಈಗ ಬಳಕೆಯಲ್ಲಿರುವ ಇಎಫ್ ಮಾಪಕದಲ್ಲಿ ತೀರಾ ಕೆಳಗಿನ ಇಎಫ್0 ಶುರುವಾಗುವುದು ಗಂಟೆಗೆ ಸುಮಾರು 105 ಕಿಲೋಮೀಟರಿನಿಂದ, ತುದಿಯ ಇಎಫ್5 ಅಂದರೆ 320ಕ್ಕೂ ಜಾಸ್ತಿ. ಅಂಥ ಗಾಳಿಯಲ್ಲಿ ಮರದ ತುಂಡು ಈಟಿಯಾಗುತ್ತದೆ. ಅಮೆರಿಕದಲ್ಲಿ ಸುರಕ್ಷಿತ ಕೋಣೆಗಳ ಗೋಡೆ ಪರೀಕ್ಷಿಸುವಾಗ ಸುಮಾರು 7 ಕಿಲೋ ತೂಕದ ಮರದ ಪಟ್ಟಿಯನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಹೊಡೆಯುತ್ತಾರೆ. ಮಾಮೂಲಿ ಕಿಟಕಿಯ ಗಾಜು ಇದರ ಮುಂದೆ ಯಾವ ಲೆಕ್ಕ?

ಯಾವ ಕಡೆಯ ಕಿಟಕಿ ಅಂತ ಕೇಳಿದ್ದೀರಿ. ಹಳೇ ಸಲಹೆಗಳಲ್ಲಿ ದಿಕ್ಕಿನ ಮಾತು ಬಹಳ ಇತ್ತು. ಮನೆಯ ನೈಋತ್ಯ ಮೂಲೆ ಸುರಕ್ಷಿತ ಅಂತ ತಲೆಮಾರುಗಳ ಕಾಲ ನಂಬಿದ್ದರು. 1966ರಲ್ಲಿ ಕನ್ಸಾಸ್‌ನ ಟೊಪೀಕಾಗೆ ಸುಂಟರಗಾಳಿ ಬಡಿದ ಮೇಲೆ ಜೋಸೆಫ್ ಈಗಲ್‌ಮನ್ ಅನ್ನುವ ಪ್ರೊಫೆಸರ್ ಮನೆಗಳನ್ನು ಅಧ್ಯಯನ ಮಾಡಿದಾಗ ತೀರಾ ಅಪಾಯದ ಜಾಗಗಳ ಪಟ್ಟಿಯಲ್ಲಿ ಅದೇ ಮೂಲೆ ಬಂತು. ಸುಳಿ ಗಾಳಿ ಹಾದುಹೋಗುವಾಗ ಅದರ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಆದ್ದರಿಂದ ದಿಕ್ಕು ಮರೆತುಬಿಡಿ. ಹೊರಗೋಡೆಯಿಂದ ಎಷ್ಟು ಒಳಗೆ, ನೆಲಕ್ಕೆ ಎಷ್ಟು ಹತ್ತಿರ, ಇವೆರಡೇ ನೋಡಿ.

ಇದೇ ಜಾತಿಯ ಇನ್ನೊಂದು ತಪ್ಪು ನಂಬಿಕೆ ಹೆದ್ದಾರಿಯ ಮೇಲ್ಸೇತುವೆಯದ್ದು. 1991ರ ಏಪ್ರಿಲ್ 26ರಂದು ಕನ್ಸಾಸ್‌ನಲ್ಲಿ ಟಿವಿ ತಂಡವೊಂದು ಮೇಲ್ಸೇತುವೆಯ ಕೆಳಗೆ ಅವಿತು ಬಚಾವಾಯಿತು, ಆ ವಿಡಿಯೋ ಎಲ್ಲೆಲ್ಲೂ ಓಡಾಡಿತು. ಜನ ಅದನ್ನೇ ನಂಬಿದರು. 1999ರ ಮೇ 3ರಂದು ಒಕ್ಲಹೋಮಾದಲ್ಲಿ ಒಂದರ ಹಿಂದೊಂದು ಸುಂಟರಗಾಳಿಗಳು ಬಂದಾಗ ಮೂರು ಮೇಲ್ಸೇತುವೆಗಳ ಕೆಳಗೆ ಜನ ಅವಿತರು, ಮೂರೂ ಕಡೆ ಒಬ್ಬೊಬ್ಬರು ಸತ್ತರು, ಉಳಿದವರಲ್ಲಿ ಹಲವರಿಗೆ ಕೆಟ್ಟ ಗಾಯಗಳಾದವು. ಸೇತುವೆಯ ಕೆಳಗಿನ ಕಿರಿದಾದ ಜಾಗದಲ್ಲಿ ಗಾಳಿ ಇನ್ನೂ ಬಿರುಸಾಗುತ್ತದೆ, ಮೇಲಿನ ಇಳಿಜಾರಿಗೆ ಹತ್ತಿದಷ್ಟೂ ಜೋರು ಹೆಚ್ಚುತ್ತದೆ. ಬದುಕಿದವರ ವಿಡಿಯೋ ನಮಗೆ ಸಿಗುತ್ತದೆ, ಸತ್ತವರದ್ದು ಸಿಗುವುದಿಲ್ಲ.

ಎಚ್ಚರಿಕೆ ಬಂದಮೇಲೆ ಸಿಗುವ ಸಮಯ ಯಾಕೆ ಇಷ್ಟು ಕಡಿಮೆ? ಸುಂಟರಗಾಳಿ ಹುಟ್ಟುವ ರೀತಿಯೇ ಹಾಗೆ. ಕೆಳಗೆ ಬೆಚ್ಚಗಿನ ತೇವದ ಗಾಳಿ, ಮೇಲೆ ತಣ್ಣನೆಯದು, ಜೊತೆಗೆ ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ, ನಡುವಿನ ಗಾಳಿ ಮಲಗಿಸಿದ ಕೊಳವೆಯ ಹಾಗೆ ಉರುಳತೊಡಗುತ್ತದೆ. ಗುಡುಗುಮೋಡದೊಳಗೆ ಮೇಲೇರುವ ಗಾಳಿ ಆ ಕೊಳವೆಯನ್ನು ಎತ್ತಿ ನಿಲ್ಲಿಸುತ್ತದೆ. ಹೀಗೆ ಇಡೀ ಮೋಡದ ಒಡಲೇ ತಿರುಗುವ ಬಿರುಮಳೆಗೆ ಸೂಪರ್‌ಸೆಲ್ ಅಂತಾರೆ. ಮೋಡದೊಳಗಿನ ಗಾಳಿಯ ಚಲನೆ ಅಳೆಯುವ ಡಾಪ್ಲರ್ ರಾಡಾರಿಗೆ ಈ ತಿರುಗುವಿಕೆ ಕಾಣುತ್ತದೆ, ಆದರೆ ತಿರುಗುವ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿ ಇಳಿಸುವುದೇ ಇಲ್ಲ. ಹಾಗಾಗಿ ಎಚ್ಚರಿಕೆ ಕೆಲವು ಸಲ ಸುಳ್ಳಾಗುತ್ತದೆ, ಆಮೇಲೆ ಜನ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳುವುದಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇದೇ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ಊರಿನಲ್ಲಿ ಸೈರನ್ ಕೂಗಿತು. ಬಹಳ ಜನ ಮೊದಲ ಸೈರನ್ನಿಗೇ ಅಡಗಲಿಲ್ಲ, ನಿಜವೋ ಅಲ್ಲವೋ ನೋಡೋಣ ಅಂತ ಕಾದರು, ಹೊರಗೆ ಇಣುಕಿದರು. ಸುಳಿ ಮಳೆಯ ಪರದೆಯ ಹಿಂದೆ ಮರೆಯಾಗಿತ್ತು. ಕಣ್ಣಿಗೆ ಕಂಡಾಗ ತಡವಾಗಿತ್ತು. 158 ಜನ ಹೋದರು. ಕಿಟಕಿ ತೆರೆಯಲು ಹೋದವರೂ ಕಿಟಕಿಯಿಂದ ನೋಡಲು ಹೋದವರೂ ನಿಲ್ಲುವುದು ಒಂದೇ ಜಾಗದಲ್ಲಿ, ಗಾಜಿನ ಎದುರು.

ಹಾಗಾದರೆ ಏನು ಮಾಡಬೇಕು? ನೆಲಮಾಳಿಗೆ ಇದ್ದರೆ ಅಲ್ಲಿಗೆ ಇಳಿಯಿರಿ. ಇಲ್ಲದಿದ್ದರೆ ಕೆಳ ಅಂತಸ್ತಿನ ನಡುವಿನ ಪುಟ್ಟ ಕೋಣೆ, ಕಿಟಕಿ ಇಲ್ಲದ್ದು: ಬಚ್ಚಲುಮನೆ, ಉಗ್ರಾಣ, ಮೆಟ್ಟಿಲ ಕೆಳಗಿನ ಜಾಗ. ಬಾಗಿಲು ಹಾಕಿಕೊಳ್ಳಿ, ಕೂತು ಬಗ್ಗಿ, ಮೇಲೆ ಹಾಸಿಗೆ ಎಳೆದುಕೊಳ್ಳಿ. ತಲೆಗೆ ಹೆಲ್ಮೆಟ್ ಇದ್ದರೆ ತುಂಬಾ ಒಳ್ಳೆಯದು, ಮಕ್ಕಳಿಗೆ ಮೊದಲು ಹಾಕಿ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಮಾಡಿ ಎಳೆದು ತಂದು ನಿಲ್ಲಿಸುವ ಹಗುರ ಮನೆ) ಇದ್ದರೆ ಎಚ್ಚರಿಕೆಯ ಸೂಚನೆ ಬಂದಾಗಲೇ ಹೊರಟು ಗಟ್ಟಿ ಕಟ್ಟಡ ಸೇರಿ. ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡು ಎಲ್ಲಿಗೂ ಹೋಗಲು ದಾರಿಯೇ ಇಲ್ಲದಿದ್ದರೆ ಕಾರಿನಿಂದ ದೂರ, ರಸ್ತೆಗಿಂತ ತಗ್ಗಾದ ಜಾಗದಲ್ಲಿ ಬೋರಲು ಮಲಗಿ ತಲೆ ಮುಚ್ಚಿಕೊಳ್ಳಿ, ಆದರೆ ನೀರು ಏರುತ್ತಿದ್ದರೆ ಅಲ್ಲಿ ಇರಬೇಡಿ.

ಸುಂಟರಗಾಳಿ ಇಳಿಯದಿದ್ದರೂ ಜೋರಾದ ಗುಡುಗುಮಳೆಗೆ ಇದೇ ನಿಯಮ. ಮೋಡದಿಂದ ಕೆಳಕ್ಕೆ ಬಿದ್ದು ನೆಲದ ಮೇಲೆ ಹರಡುವ ಗಾಳಿ ಗಂಟೆಗೆ 150 ಕಿಲೋಮೀಟರ್ ದಾಟಬಲ್ಲದು. ಆಲಿಕಲ್ಲಿನ ವಿಷಯಕ್ಕೆ ಬಂದರೆ, 2010ರ ಜುಲೈ 23ರಂದು ಸೌತ್ ಡಕೋಟಾದ ವಿವಿಯನ್‌ನಲ್ಲಿ ಬಿದ್ದದ್ದು 20 ಸೆಂಟಿಮೀಟರ್ ಅಡ್ಡಳತೆಯದ್ದು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಅಡಗಲು ಹೋಗುವಾಗ ಕಾಲಿಗೆ ಗಟ್ಟಿ ಶೂ ಹಾಕಿಕೊಂಡೇ ಹೋಗಿ. ಗಾಳಿ ನಿಂತಮೇಲೆ ಹೊರಗೆ ಬರಬೇಕಾದದ್ದು ಒಡೆದ ಗಾಜು, ಮೊಳೆ, ಹರಿದ ತಂತಿಗಳ ನಡುವೆ, ಬಹುಶಃ ಕತ್ತಲಲ್ಲಿ, ಯಾರನ್ನೋ ಎತ್ತಿಕೊಂಡು.