ಗ್ರೀಸ್ ಹಚ್ಚಿದರೆ ಬೋಲ್ಟ್ ಸಡಿಲ ಆಗೋದಿಲ್ವಾ?

ಬೆಳಗಾಗುವ ಮೊದಲೇ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವವರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ಚೈನಿಗೆ ಎಣ್ಣೆ ಬಿಡಬೇಕು ಅನ್ನುವುದು ಅವರಿಗೆಲ್ಲ ಗೊತ್ತು. ಆದರೆ ಪೆಡಲ್ ಹಾಕುವಾಗ ಅದರ ಥ್ರೆಡ್‌ಗೆ (ತಿರುಪಿನ ಗೆರೆಗಳಿಗೆ) ಗ್ರೀಸ್ ಹಚ್ಚಿ ಅಂದರೆ ಹಿಂದೆ ಮುಂದೆ ನೋಡುತ್ತಾರೆ. ಗ್ರೀಸ್ ಜಾರುವ ವಸ್ತು ಅಲ್ವಾ, ತುಳಿಯುವಾಗ ಬಿಚ್ಚಿಕೊಂಡರೆ? ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಉಲ್ಟಾ.

ಸ್ಪ್ಯಾನರ್ ತಿರುಗಿಸಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ. ಉಕ್ಕು ಗಟ್ಟಿ ಸ್ಪ್ರಿಂಗ್. ಎಳೆದರೆ ಮೊದಲಿನ ಅಳತೆಗೆ ಮರಳಲು ಹವಣಿಸುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಆದರೆ ಸಾಮಾನ್ಯ ಬೋಲ್ಟಿನಲ್ಲಿ ನಮ್ಮ ತೋಳಿನ ಶ್ರಮದ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಶೇ. 40ರಷ್ಟು ಥ್ರೆಡ್ ಒಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಎಳೆತಕ್ಕೆ ಉಳಿಯುವುದು ಹೆಚ್ಚು ಕಡಿಮೆ ಶೇ. 10. ತುಕ್ಕು, ಧೂಳು ಸೇರಿಕೊಂಡರೆ ಅದೂ ಇಲ್ಲ. ಸ್ಪ್ಯಾನರ್ ಕಿರುಗುಟ್ಟುತ್ತದೆ, ಕೈಗೆ 'ಬಿಗಿಯಾಯ್ತು' ಅನ್ನಿಸುತ್ತದೆ, ಒಳಗೆ ಬೋಲ್ಟ್ ಎಳೆದುಕೊಂಡೇ ಇರುವುದಿಲ್ಲ. ನಾಲ್ಕು ದಿನ ಹಂಪುಗಳ ಮೇಲೆ ಕುಣಿದು ಸಡಿಲ ಆಗುವುದು ಇಂಥ ಸುಳ್ಳು ಬಿಗಿಯ ಬೋಲ್ಟೇ. ಗ್ರೀಸ್ ಇದ್ದರೆ ಅದೇ ತೋಳಬಲಕ್ಕೆ ಹೆಚ್ಚು ಎಳೆತ ಸಿಗುತ್ತದೆ. ಹಾಗಾಗಿ ಚಿಕ್ಕ ಬೋಲ್ಟುಗಳಲ್ಲಿ ಸ್ವಲ್ಪ ಕೈ ತಡೆದು ತಿರುಗಿಸಬೇಕು, ಅಷ್ಟೇ.

ಗ್ರೀಸ್ ಇಲ್ಲದಿದ್ದರೆ ಪೆಟ್ಟು ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ, ಅಂದರೆ ಫ್ರೀವೀಲ್ ನೋಡಿ. ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುವ 60 ಕೆ.ಜಿ. ತೂಕದವರು ಪೆಡಲ್ ಮೇಲೆ ಹಾಕುವ ಬಲ ಸುಮಾರು 590 ನ್ಯೂಟನ್. ಪೆಡಲ್ ಕೂರುವ ತೋಳಿನ (ಕ್ರ್ಯಾಂಕ್) ಉದ್ದ 17 ಸೆಂ.ಮೀ. ಅಂದರೆ 100 ನ್ಯೂಟನ್ ಮೀಟರ್ ತಿರುಚು ಬಲ. ಮುಂದೆ 44, ಹಿಂದೆ 18 ಹಲ್ಲಿರುವ ಕಪ್ಪು ಸೈಕಲ್ಲಿನಲ್ಲಿ ಇದರಲ್ಲಿ 41 ನ್ಯೂಟನ್ ಮೀಟರ್ ಫ್ರೀವೀಲ್‌ಗೆ ತಲುಪುತ್ತದೆ. ಪೆಡಲ್ ಬಿಗಿಯಲು ಸ್ಪ್ಯಾನರ್ ಹಿಡಿದು ಹಾಕುವ ಬಲಕ್ಕೆ ಇದು ಸಮ. ಗೇರ್ ಸೈಕಲ್ಲಿನಲ್ಲಿ ಮುಂದೆ ಹಿಂದೆ ಹಲ್ಲು ಸಮ ಇದ್ದರೆ ಪೂರ್ತಿ 100. ಫ್ರೀವೀಲ್ ಚಕ್ರದ ನಡುವಿನ ಹಬ್‌ಗೆ ಥ್ರೆಡ್ ಮೂಲಕವೇ ಕೂತಿರುವುದರಿಂದ ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿಯುತ್ತದೆ. ಒಣ ಥ್ರೆಡ್ ಮೇಲೆ ಕೂರಿಸಿದ ಫ್ರೀವೀಲ್ ಮುಂದೊಂದು ದಿನ ಬಿಚ್ಚುವಾಗ ಅಂಗಡಿಯ ವೈಸ್ ಬೇಕಾಗುತ್ತದೆ. ಜೊತೆಗೆ ಇಬ್ಬರ ಬಲ, ಒಂದಿಷ್ಟು ಬೈಗುಳ.

ಇನ್ನು ನೀರಿನ ಕಥೆ. ಮಂಡ್ಯ ಕಡೆ ನಾಲೆ ಏರಿ ಮೇಲೆ, ಗದ್ದೆ ಬದಿಯ ಕೆಸರಿನಲ್ಲಿ ಓಡುವ ಸೈಕಲ್ ಹೊರಗಡೆ ಬೇಗ ಒಣಗುತ್ತದೆ. ಥ್ರೆಡ್ ಸಂದಿಗೆ ಹೊಕ್ಕ ನೀರು ಒಣಗುವುದಿಲ್ಲ. ಕಿರಿದಾದ ಸಂದಿ ನೀರನ್ನು ತಾನೇ ಒಳಗೆಳೆದು ಇಟ್ಟುಕೊಳ್ಳುತ್ತದೆ. ಉಕ್ಕಿಗೆ ಉಕ್ಕು ಇದ್ದರೆ ತುಕ್ಕು ಹಿಡಿಯುತ್ತದೆ, ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಜಾಸ್ತಿ ಬೇಕು, ಸಂದಿ ಜಾಮ್. ಉಕ್ಕಿನ ಪೆಡಲ್ ಅಲ್ಯೂಮಿನಿಯಂ ಕ್ರ್ಯಾಂಕಿಗೆ ಕೂತಿದ್ದರೆ ಕಥೆ ಇನ್ನೂ ಕೆಟ್ಟದ್ದು. ಎರಡು ಬೇರೆ ಲೋಹ, ನಡುವೆ ಉಪ್ಪು ಬೆರೆತ ತೇವ. ಇದು ಚಿಕ್ಕದೊಂದು ಬ್ಯಾಟರಿಯೇ. ಅದರಲ್ಲಿ ಸವೆಯುವ ಪಾಳಿ ಅಲ್ಯೂಮಿನಿಯಂನದು. ಬಿಳಿ ಪುಡಿ ತುಂಬಿಕೊಂಡು ಎರಡೂ ಅಂಟಿಕೊಳ್ಳುತ್ತವೆ. ಗ್ರೀಸ್ ಮೊದಲೇ ಆ ಸಂದಿ ತುಂಬಿದ್ದರೆ ನೀರಿಗೆ ಜಾಗವಿಲ್ಲ.

ಗ್ರೀಸ್ ಅಂದರೆ ಸೋಪು ಹಿಡಿದಿಟ್ಟ ಎಣ್ಣೆ. ಒಳ್ಳೇ ಮೈಸೂರು ಪಾಕ್ ತುಪ್ಪವನ್ನು ಹಿಡಿದಿಟ್ಟು, ಒತ್ತಿದರೆ ಬಿಟ್ಟುಕೊಡುವಂತೆ ಸೋಪಿನ ಎಳೆಗಳು ಎಣ್ಣೆಯನ್ನು ಹಿಡಿದಿರುತ್ತವೆ. ನೀರಿಗೆ ಸುಲಭವಾಗಿ ಜಗ್ಗದ ಲಿಥಿಯಂ ಗ್ರೀಸ್‌ಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಲಿಥಿಯಂ ಗ್ರೀಸಿನ ಸೋಪು ತಯಾರಾಗುವುದು ನಮ್ಮ ಹರಳೆಣ್ಣೆಯಿಂದಲೇ. ಕೊಬ್ಬರಿ ಎಣ್ಣೆ ಹಚ್ಚಿದರೆ ಆಗಲ್ವಾ ಅಂದರೆ, ಆಗಲ್ಲ. ಡಿಸೆಂಬರ್ ಬೆಳಗ್ಗೆ ಅದು ಗ್ರೀಸ್ ಥರ ಗಟ್ಟಿ ಕಾಣುತ್ತದೆ ನಿಜ. 25 ಡಿಗ್ರಿ ದಾಟಿದರೆ ಕರಗಿ ನೀರಾಗಿ ಇಳಿದುಹೋಗುತ್ತದೆ.

ತುಳಿತಕ್ಕೆ ಪೆಡಲ್ ಬಿಚ್ಚಿಕೊಳ್ಳುವ ಭಯ ಸೈಕಲ್ ಮಾಡಿದವರಿಗೂ ಇತ್ತು. ಅದಕ್ಕೇ ಎಡ ಪೆಡಲಿನ ಥ್ರೆಡ್ ಉಲ್ಟಾ. ಹಾಗಾಗಿ ಗ್ರೀಸ್ ಹಚ್ಚಿದರೂ ತಾನಾಗಿ ಬಿಚ್ಚುವುದಿಲ್ಲ. ಬಿಚ್ಚುವ ದಿಕ್ಕು ನೆನಪಿಡುವುದು ಸುಲಭ: ಸ್ಪ್ಯಾನರ್ ಹಿಡಿ ಮೇಲಿರಲಿ, ಯಾವ ಪೆಡಲ್ ಆದರೂ ಹಿಂದಿನ ಚಕ್ರದ ಕಡೆಗೆ ತಳ್ಳಿ.

ಬ್ರೇಕ್ ಡಿಸ್ಕ್, ಬ್ರೇಕ್ ಬ್ಲಾಕ್, ರಿಮ್ಮಿನ ಹತ್ತಿರ ಗ್ರೀಸ್ ಸುಳಿಯಬಾರದು. ಕಾರ್ಬನ್ ಸೀಟ್ ಪೋಸ್ಟ್‌ಗೂ ಬೇಡ, ಅದಕ್ಕೆ ಬೇರೆಯೇ ಪೇಸ್ಟ್ ಇದೆ. ಸಡಿಲ ಆಗದಿರಲಿ ಅಂತ ನೀಲಿ ಅಂಟು ಹಚ್ಚಿ ಬಂದ ಬೋಲ್ಟ್‌ಗಳನ್ನು ಸುಮ್ನೆ ಬಿಡಿ.

ಪೆಡಲ್ ಈಗಾಗಲೇ ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಅಲ್ಯೂಮಿನಿಯಂ ಕ್ರ್ಯಾಂಕ್ ಮೇಲೆ ಕುದಿವ ನೀರು ಹುಷಾರಾಗಿ ಸುರಿಯಿರಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಬಿಚ್ಚಿದ ಮೇಲೆ ಹಳೇ ಟೂತ್ ಬ್ರಷ್ಷಿನಿಂದ ಪುಡಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಥ್ರೆಡ್ ಸುತ್ತಲೂ ತೆಳ್ಳಗೆ ಗ್ರೀಸ್ ಸವರಿ. ಮತ್ತೆ ಹಾಕುವಾಗ ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಬೇಕು. ತಿರುಗದಿದ್ದರೆ ಥ್ರೆಡ್ ಓರೆಯಾಗಿ ಕೂತಿದೆ ಅಂತ ಲೆಕ್ಕ. ಸ್ಪ್ಯಾನರ್ ಮುಟ್ಟದೆ ವಾಪಸ್ ತೆಗೆದು, ಹೊಸದಾಗಿ ಶುರು ಮಾಡಿ.