ತರಬೇತಿ ತಗೊಂಡರೆ ವ್ಯಾಪಾರ ಬೆಳೆಯುತ್ತಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. ಉದ್ಯಮ ತರಬೇತಿಗೆ ಸೇರು ಅಂತ ಎಲ್ಲರೂ ಹೇಳ್ತಾರೆ. ಒಂದು ಕಡೆ ಲೆಕ್ಕಪತ್ರ ಕಲಿಸ್ತಾರಂತೆ, ಇನ್ನೊಂದು ಕಡೆ ಧೈರ್ಯ, ಛಲ ಅಂತೆಲ್ಲಾ ಹೇಳಿಕೊಡ್ತಾರಂತೆ. ಯಾವುದರಿಂದ ನಿಜವಾಗ್ಲೂ ಲಾಭ ಅಂತ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದ್ದಾರಾ?

ಉತ್ತರ: ನೋಡಿದ್ದಾರೆ. ಆದರೆ ‘ನಮ್ಮಲ್ಲಿ ಕಲಿತವರಲ್ಲಿ ಇಷ್ಟು ಮಂದಿ ಅಂಗಡಿ ಹಾಕಿದರು’ ಅನ್ನೋ ಲೆಕ್ಕವನ್ನು ಪರೀಕ್ಷೆ ಅಂತ ನಂಬಬೇಡಿ. ಮನೆಗೆಲಸ ಬಿಟ್ಟು, ಬಸ್ ಹಿಡಿದು, ವಾರಗಟ್ಟಲೆ ತರಗತಿಗೆ ಬರುವವರಿಗೆ ಮೊದಲೇ ಹುಮ್ಮಸ್ಸು ಇರುತ್ತದೆ. ತರಬೇತಿ ಇಲ್ಲದಿದ್ದರೂ ಅವರಲ್ಲಿ ಎಷ್ಟೋ ಜನ ಅಂಗಡಿ ಹಾಕುತ್ತಿದ್ದರು, ಅಲ್ವಾ? ಅದಕ್ಕೇ ಸಂಶೋಧಕರು ಚೀಟಿ ಎತ್ತಿದ ಹಾಗೆ ಕೆಲವರಿಗೆ ತರಬೇತಿ ಕೊಟ್ಟು, ಅಂಥವರೇ ಇನ್ನು ಕೆಲವರಿಗೆ ಕೊಡದೆ, ಎರಡೂ ಕಡೆಯ ಗಳಿಕೆ ಹೋಲಿಸುತ್ತಾರೆ.

ಇಂಥ ಒಂದು ದೊಡ್ಡ ಪ್ರಯೋಗ ನಡೆದದ್ದು ಪಶ್ಚಿಮ ಆಫ್ರಿಕಾದ ಟೋಗೋ ದೇಶದ ಲೋಮೆ ನಗರದಲ್ಲಿ. ಫಲಿತಾಂಶ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸಣ್ಣ ವ್ಯಾಪಾರ ಮಾಡುವ 1,500 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಪಾಠ: ಲೆಕ್ಕ, ಮಾರಾಟ, ಹಣದ ನಿರ್ವಹಣೆ. ಇನ್ನೊಂದಕ್ಕೆ ಮನಃಶಾಸ್ತ್ರಜ್ಞರು ರೂಪಿಸಿದ ಪಾಠ: ಯಾರೂ ಹೇಳುವ ಮೊದಲೇ ಮುಂದಾಗುವುದು, ಪಕ್ಕದ ಅಂಗಡಿಯನ್ನು ನಕಲು ಮಾಡದಿರುವುದು, ಅಡ್ಡಿ ಬಂದರೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿಡುವುದು. ಮೂರನೇ ಗುಂಪಿಗೆ ಏನೂ ಇಲ್ಲ. ಎರಡು ವರ್ಷದ ಮೇಲೂ ಬೆನ್ನು ಹತ್ತಿ ನೋಡಿದರು. ಮುಂದಾಗುವುದನ್ನು ಕಲಿತವರ ಲಾಭ, ಏನೂ ಕಲಿಯದವರಿಗಿಂತ ಶೇ 30ರಷ್ಟು ಜಾಸ್ತಿ ಇತ್ತು. ಎಂದಿನ ಪಾಠದವರದ್ದು ಶೇ 11. ಅದೂ ಆಕಸ್ಮಿಕವಾಗಿ ಬಂದಿರಬಹುದಾದಷ್ಟೇ ವ್ಯತ್ಯಾಸ.

ನಿಮ್ಮ ರೊಟ್ಟಿಗೆ ಇದನ್ನು ಹೊಂದಿಸಿ ನೋಡಿ. ಓಣಿಯಲ್ಲಿ ಎಲ್ಲರೂ ಪ್ಯಾಕೆಟ್ ಕಟ್ಟಿ ಅಂಗಡಿಗೆ ಹಾಕ್ತಾರೆ, ನೀವೂ ಹಾಕ್ತೀರಿ. ವಿದ್ಯಾನಗರದ ಪಿಜಿಗಳಿಗೆ ಹೋಗಿ ‘ದಿನಾ ಸಂಜೆ ಬಿಸಿ ರೊಟ್ಟಿ ಬೇಕಾ’ ಅಂತ ಕೇಳಿದ್ದೀರಾ? ಆ ಪಾಠದಲ್ಲಿ ಮಾಡಿಸೋದು ಇಂಥದ್ದನ್ನೇ. ಸುಮ್ನೆ ಕೂರಿಸಿ ಸಾಧಕರ ಕತೆ ಹೇಳಿ ಚಪ್ಪಾಳೆ ಹೊಡೆಸೋದಲ್ಲ. ನನಗಂತೂ ಅಂಥ ಭಾಷಣಗಳ ಮೇಲೆ ನಂಬಿಕೆ ಇಲ್ಲ.

ಹಾಗಾದರೆ ಲೆಕ್ಕ ಬೇಡವಾ? ಬೇಕು. ಆದರೆ ಕಲಿಸುವ ರೀತಿಯಲ್ಲೇ ಎಡವಟ್ಟಾಗುತ್ತದೆ. ಕೆಲವು ವರ್ಷದ ಹಿಂದೆ ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಸ್ವಸಹಾಯ ಸಂಘದವರಿಗೆ ಲೆಕ್ಕ ಕಲಿಸಲು ನಾನೇ ಹೋಗಿದ್ದೆ. ಜಮಾ, ಖರ್ಚು, ಉದ್ರಿ, ಬಾಕಿ ಅಂತ ನಾಲ್ಕು ಗೆರೆ ಹಾಕಿಸಿದ್ದೆ. ಕಿರಾಣಿ ಅಂಗಡಿಯ ಅಕ್ಕ ಒಬ್ಬರು ಎಲ್ಲರಿಗಿಂತ ಚೊಕ್ಕಾಗಿ ಬರೆದಿದ್ದರು. ಎರಡು ತಿಂಗಳ ಮೇಲೆ ಹೋಗಿ ಪುಸ್ತಕ ಎಲ್ಲಿ ಅಂದರೆ, ‘ಅರ್ಧಾ ಖಾಲಿ ಇತ್ತಲ್ರೀ ಸರ, ನಮ್ಮ ಹುಡುಗಿ ಸಾಲಿಗೆ ಒಯ್ದಾಳ’ ಅಂದು ನಕ್ಕರು. ಮಾತಾಡುತ್ತಲೇ ಗಲ್ಲಾದಿಂದ 50 ರೂಪಾಯಿ ತೆಗೆದು, ಹಾಲು ತರಲು ಮಗನ ಕೈಗೆ ಕೊಟ್ಟರು.

ಆ 50 ರೂಪಾಯಿಯೇ ನಾನು ಕಲಿಸಬೇಕಿದ್ದ ಪಾಠ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದರು, ಇನ್ನೊಂದಕ್ಕೆ ಬರೀ ಸರಳ ನಿಯಮಗಳು. ಉದಾಹರಣೆಗೆ, ವ್ಯಾಪಾರದ ದುಡ್ಡು ಒಂದು ಡ್ರಾಯರ್‌ನಲ್ಲಿ, ಮನೆಯದ್ದು ಇನ್ನೊಂದರಲ್ಲಿ. ಇದರಿಂದ ಅದಕ್ಕೆ ತೆಗೆದರೆ ಸಾಲದ ಚೀಟಿ ಬರೆದಿಡಬೇಕು. ಹಣ ನಿಭಾಯಿಸುವುದರಲ್ಲಿ ಸುಧಾರಿಸಿದ್ದು ಈ ಎರಡನೇ ಗುಂಪು. ಲೆಕ್ಕಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಇನ್ನೊಂದು ನಮ್ಮ ದೇಶದ್ದೇ. ಅಹಮದಾಬಾದ್‌ನಲ್ಲಿ ‘ಸೇವಾ’ ಅನ್ನೋ ಮಹಿಳಾ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ ಎರಡೇ ದಿನದ ತರಬೇತಿ ಕೊಟ್ಟರು. ಅರ್ಧದಷ್ಟು ಮಂದಿಗೆ ಗೆಳತಿಯನ್ನೂ ಕರೆತನ್ನಿ ಅಂದಿದ್ದರು. ಒಬ್ಬೊಬ್ಬರೇ ಬಂದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಜೊತೆಯಾಗಿ ಬಂದವರು ಸಾಲ ತಗೊಂಡು ವ್ಯಾಪಾರ ಬೆಳೆಸಿದರು. ಆದ್ದರಿಂದ ಹೋಗುವುದಾದರೆ ಪಕ್ಕದ ಮನೆಯವರನ್ನೂ ಎಬ್ಬಿಸಿಕೊಂಡು ಹೋಗಿ.

ಒಂದು ಮಾತು. ಲೋಮೆಯಲ್ಲಿ ಇದ್ದವರೆಲ್ಲ ಆಗಲೇ ವ್ಯಾಪಾರ ಮಾಡುತ್ತಿದ್ದವರು, ನಿಮ್ಮ ಹಾಗೆ. ಇನ್ನೂ ಶುರುವೇ ಮಾಡದ ಕಾಲೇಜು ಹುಡುಗರಿಗೆ ಅದೇ ಅಳತೆ ಹಾಕಬಾರದು. ನೆದರ್‌ಲ್ಯಾಂಡ್ಸ್‌ನಲ್ಲಿ ವಿದ್ಯಾರ್ಥಿಗಳಿಂದ ಪುಟ್ಟ ಕಂಪನಿ ನಡೆಸುವ ಕೋರ್ಸ್ ಮಾಡಿಸಿದಾಗ ಉದ್ಯಮಿ ಆಗುವ ಆಸೆ ಕಡಿಮೆಯೇ ಆಯಿತು! ಅದು ಸೋಲು ಅಂತ ನನಗೆ ಅನಿಸುವುದಿಲ್ಲ. ಸಾಲ ಮಾಡುವ ಮೊದಲೇ ‘ಇದು ನನ್ನಿಂದ ಆಗಲ್ಲ’ ಅಂತ ಗೊತ್ತಾದರೆ ಎಷ್ಟೋ ಉಳಿಯಿತು.

ನಿಮಗೆ ಹತ್ತಿರದಲ್ಲೇ ಧಾರವಾಡದಲ್ಲಿ ಉದ್ಯಮ ಶುರು ಮಾಡುವವರಿಗೆ ಕಲಿಸುವ ರಾಜ್ಯದ ಕೇಂದ್ರ ಸಿಡಾಕ್ ಇದೆ, ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ ರುಡ್‌ಸೆಟ್ ಇದೆ. ರುಡ್‌ಸೆಟ್ ಮಾದರಿಯ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ. ಮುಗಿದ ಮೇಲೂ ಎರಡು ವರ್ಷ ಸಂಪರ್ಕದಲ್ಲಿರಬೇಕು ಅನ್ನೋದು ಅವರ ಪದ್ಧತಿ. ಲೋಮೆಯಲ್ಲೂ ನಾಲ್ಕು ವಾರದ ಪಾಠ ಮುಗಿದ ಮೇಲೆ ತರಬೇತುದಾರರು ತಿಂಗಳಿಗೊಮ್ಮೆ ವ್ಯಾಪಾರ ನಡೆಯುವ ಜಾಗಕ್ಕೇ ಹೋಗುತ್ತಿದ್ದರು. ಎಲ್ಲೇ ಸೇರುವುದಿದ್ದರೂ ಪ್ರಮಾಣಪತ್ರದ ವಿಷಯ ಆಮೇಲೆ ಕೇಳಿ. ‘ಮುಗಿದ ಮೇಲೆ ನಮ್ಮ ಮನೆಗೆ ಯಾರು ಬರ್ತಾರೆ, ಎಷ್ಟು ಸಲ ಬರ್ತಾರೆ’ ಅಂತ ಮೊದಲು ಕೇಳಿ.