ಎದುರಿಗೆ ಬಾರ್ಜ್ ಬಂದರೆ ದಡಕ್ಕೆ ಅಂಟಿಕೊಳ್ಳಬೇಕಾ?

ಪ್ರಶ್ನೆ: ನನ್ನದು ಸಣ್ಣ ಮೋಟಾರ್ ದೋಣಿ. ಕಾಲುವೆಯಲ್ಲಿ ಎದುರಿನಿಂದ ಸರಕಿನ ಬಾರ್ಜ್ ಬಂದಾಗ ಪೂರ್ತಿ ದಡಕ್ಕೆ ಸರಿದು, ಎಂಜಿನ್ ಆಫ್ ಮಾಡಿ ನಿಲ್ಲುತ್ತೇನೆ. ಇದು ಸರಿಯಾ?

ದಾರಿ ಬಿಡುವುದು ಸರಿ. ಆದರೆ ದಯವಿಟ್ಟು ದಡಕ್ಕೆ ಅಂಟಿಕೊಳ್ಳಲೂಬೇಡಿ, ಎಂಜಿನ್ ಆಫ್ ಮಾಡಲೂಬೇಡಿ.

ಯಾಕೆ ಅಂತ ತಿಳಿಯಲು ಬಾರ್ಜ್ ಹೋಗುವಾಗ ನೀರನ್ನು ನೋಡಿ. ಸರಕು ತುಂಬಿದ ಬಾರ್ಜ್ ಕಾಲುವೆಯ ದೊಡ್ಡ ಪಾಲನ್ನೇ ಆಕ್ರಮಿಸಿಕೊಂಡು ಬರುತ್ತದೆ. ಅದು ಮುಂದೆ ಬರಬೇಕಾದರೆ ಮುಂದಿರುವ ನೀರು ಹಿಂದಕ್ಕೆ ಹೋಗಲೇಬೇಕು. ಉಳಿದಿರುವುದು ಪಕ್ಕದಲ್ಲಿ, ತಳದಲ್ಲಿ ಒಂದಿಷ್ಟು ಸಂದು, ಅಷ್ಟೇ. ಆ ಸಂದಿನಲ್ಲಿ ನೀರು ಜೋರಾಗಿ ನುಗ್ಗುತ್ತದೆ, ಮಟ್ಟವೂ ಇಳಿಯುತ್ತದೆ. ದಡದಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಮೊದಲು ನೀರು ಕೊಂಚ ಉಬ್ಬುತ್ತದೆ. ಆಮೇಲೆ ಯಾರೋ ಹೀರಿಕೊಂಡ ಹಾಗೆ ಹಿಂದೆ ಸರಿದು, ಅಂಚಿನ ಒದ್ದೆ ಕಲ್ಲು, ಕೆಸರು ಹೊರಬೀಳುತ್ತವೆ. ಬಾರ್ಜಿನ ಹಿಂಭಾಗ ದಾಟಿದ ಕೂಡಲೇ ನೀರೆಲ್ಲಾ ವಾಪಸ್ ನುಗ್ಗುತ್ತದೆ.

ಅಂಚಿಗೆ ಅಂಟಿದ ದೋಣಿಯ ತಳ ಆ ಹೊತ್ತಿಗೆ ನೆಲಕ್ಕೆ ತಗಲಬಹುದು. ಎಂಜಿನ್ ಆಫ್ ಆಗಿದ್ದರಂತೂ ಚುಕ್ಕಾಣಿ ಮಾತು ಕೇಳುವುದಿಲ್ಲ. ಸೆಳೆತ ನಿಮ್ಮನ್ನು ಸೀದಾ ಬಾರ್ಜಿನ ಮಗ್ಗುಲಿಗೆ ಎಳೆಯಬಹುದು.

ಹಾಗಾಗಿ ದೂರದಲ್ಲಿರುವಾಗಲೇ ಬಲಕ್ಕೆ ಸರಿಯಿರಿ. ನಿಮ್ಮ ಉದ್ದೇಶ ಅವರಿಗೂ ಗೊತ್ತಾಗಬೇಕು ಅಲ್ವಾ? ತಳಕ್ಕೆ ಸಾಕಷ್ಟು ನೀರಿರುವ ಕಡೆಯೇ ಇರಿ. ವೇಗ ಇಳಿಸಿ, ಆದರೆ ಗೇರ್ ಬಿಡಬೇಡಿ.

ಖಾಲಿ ಬಾರ್ಜ್ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರ ಮೂತಿ ನೀರಿನಿಂದ ಎತ್ತರಕ್ಕೆ ಎದ್ದಿರುತ್ತದೆ, ನಡೆಸುವವರು ಸಾಮಾನ್ಯವಾಗಿ ಹಿಂದಿನ ಕೋಣೆಯಲ್ಲಿ ಇರುತ್ತಾರೆ. ಯುರೋಪಿನ ಒಳನಾಡು ಜಲಮಾರ್ಗದ ನಿಯಮಗಳಲ್ಲಿ ಮೂತಿಯ ಮುಂದೆ 350 ಮೀಟರ್‌ವರೆಗಿನ ನೀರು ಅವರಿಗೆ ಕಾಣದಿದ್ದರೂ ನಡೆಯುತ್ತದೆ. ಅವರ ಕೋಣೆಯ ಕಿಟಕಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ ಅಂತಲೇ ತಿಳಿಯಿರಿ. ಕಂಡರೂ ಥಟ್ಟನೆ ನಿಲ್ಲಿಸಲು ಆಗುವುದಿಲ್ಲ. ಸರಕು ತುಂಬಿದ ಬಾರ್ಜ್ ಆದರಂತೂ ಸಾವಿರ ಟನ್ ಸರಕಿಗೆ ಬ್ರೇಕ್ ಇಲ್ಲ.

ಹಾರ್ನ್ ಕಡೆಗೂ ಕಿವಿ ಇರಲಿ. ಒಂದು ಗಿಡ್ಡ ಹಾರ್ನ್ ಅಂದರೆ ಬಾರ್ಜ್ ಬಲಕ್ಕೆ ತಿರುಗುತ್ತಿದೆ, ಎರಡು ಅಂದರೆ ಎಡಕ್ಕೆ, ಮೂರು ಅಂದರೆ ಎಂಜಿನ್ ರಿವರ್ಸ್‌ನಲ್ಲಿದೆ. ಅಂತರರಾಷ್ಟ್ರೀಯ ಸಮುದ್ರ ನಿಯಮದ ಪ್ರಕಾರ ಐದು ಸಲ ಬಡಬಡ ಹೊಡೆದರೆ ನೀವೇನು ಮಾಡುತ್ತಿದ್ದೀರಿ ಅಂತ ಅವರಿಗೆ ಅರ್ಥವಾಗುತ್ತಿಲ್ಲ. ಆಗ ಮೊದಲು ನಿಮ್ಮ ದಿಕ್ಕು ನೋಡಿಕೊಳ್ಳಿ.

ಬಾರ್ಜ್ ದಾಟಿತು ಅಂತ ತಕ್ಷಣ ಅದರ ಹಿಂದೆ ಅಡ್ಡ ಹೋಗಬೇಡಿ. ಪ್ರೊಪೆಲರ್ ಕಲಕಿದ ನೀರು ಇನ್ನೂ ಸುಳಿಯುತ್ತಿರುತ್ತದೆ, ಹಿಂದೆಯೇ ಇನ್ನೊಂದು ಬಾರ್ಜ್ ಬರುತ್ತಿರಲೂಬಹುದು.